ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಮುನ್ನ ಹುಡುಕಬೇಕಾದ ಪದ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲು ಬಂದಿರುವ ಮಕ್ಕಳಿಗೆ ನಾನು ಸಂಜೆಯ ಹೊತ್ತು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತೇನೆ. ಹಾವೇರಿ, ಗದಗ, ಬಾಗಲಕೋಟೆ ಕಡೆಯಿಂದ ಬಂದು, ನಾಲ್ಕೈದು ಜನ ಸೇರಿ ಒಂದು ರೂಮು ಹಿಡಿದು, ಹಗಲೆಲ್ಲ ಲೈಬ್ರರಿಯಲ್ಲಿ ಕುಳಿತು ಓದುವ ಈ ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಪಕ್ಕದಲ್ಲಿ ಕನ್ನಡ ಬಾರದವರೊಬ್ಬರು ಕುಳಿತಿದ್ದರೆ ಅವರಿಗೆ ಏನೇನು ಕೇಳಬಹುದೋ ಅಂಥ 20 ಪ್ರಶ್ನೆಗಳನ್ನು ಬರೆದು ತರುವಂತೆ ಕಳೆದ ತಿಂಗಳು ಅವರಿಗೆ ಹೇಳಿದ್ದೆ. ರಾಣೆಬೆನ್ನೂರು ಕಡೆಯ ಒಬ್ಬ ಹುಡುಗಿ ತಂದುಕೊಟ್ಟ ಹಾಳೆಯಲ್ಲಿ 14 ಪ್ರಶ್ನೆಗಳು ತಪ್ಪಾಗಿದ್ದವು. ‘ವೇರ್ ಯೂ ಆರ್ ಗೋಯಿಂಗ್?’, ‘ಯೂ ಲೈಕ್ ಧಾರವಾಡ ಪೇಡಾ?’, ‘ವೈ ಯುವರ್ ಬ್ರದರ್ ಡಿಡ್ ನಾಟ್ ಕಮ್?’, ‘ಡಿಡ್ ಯೂ ವೆಂಟ್ ಟು ಉಣಕಲ್ ಕೆರೆ?’ ಎಂಬಂಥವು. ಕೆಂಪು ಪೆನ್ನು ಹಿಡಿದು ಎರಡನೆಯ ಸಲ ಓದುವಾಗ, ಇವು ಹದಿನಾಲ್ಕು ತಪ್ಪುಗಳಲ್ಲ, ಎರಡೇ ತಪ್ಪುಗಳು ವೇಷ ಬದಲಿಸಿಕೊಂಡು ಬಂದಿವೆ ಎಂಬುದು ನನಗೆ ಸ್ಪಷ್ಟವಾಯಿತು.

ಮೊದಲನೆಯ ತಪ್ಪಿನ ಬೇರು ನಮ್ಮ ಕನ್ನಡದಲ್ಲಿಯೇ ಇದೆ. ‘ಊಟ ಆತು’ ಎನ್ನುವ ಮಾತಿನ ತುದಿಗೆ ‘ಏನ್ರಿ’ ಸೇರಿಸಿದರೆ ‘ಊಟ ಆತೇನ್ರಿ?’ ಎಂಬ ಪ್ರಶ್ನೆ ಸಿದ್ಧವಾಗುತ್ತದೆ. ಅದರ ಹಿಂದಿನ ಯಾವ ಪದವೂ ಜಾಗ ಬಿಟ್ಟು ಕದಲುವುದಿಲ್ಲ. ‘ನೀವು ಗದಗಕ್ಕೆ ಹೊರಟಿದ್ದೀರಿ’ ಎಂಬಲ್ಲಿ ‘ಗದಗಕ್ಕೆ’ ತೆಗೆದು ಅದೇ ಜಾಗದಲ್ಲಿ ‘ಎಲ್ಲಿಗೆ’ ಇಟ್ಟರೆ ಅದೂ ಪ್ರಶ್ನೆಯೇ. ಅಂದರೆ ಮಾತು ಆರಂಭಿಸಿ, ಅರ್ಧ ದಾರಿ ನಡೆದ ಮೇಲೂ ಇದನ್ನು ಪ್ರಶ್ನೆಯಾಗಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಸೌಕರ್ಯ ನಮಗಿದೆ. ಇಂಗ್ಲಿಷಿನ ವ್ಯಾಕರಣ ಆ ಸೌಕರ್ಯವನ್ನು ಕೊಡುವುದಿಲ್ಲ. ಅಲ್ಲಿ ಕರ್ತೃವನ್ನು ಉಚ್ಚರಿಸುವ ಮೊದಲೇ ಸಹಾಯಕ ಕ್ರಿಯಾಪದ, ಅಂದರೆ ಹೆಲ್ಪಿಂಗ್ ವರ್ಬ್, ಬಾಯಿಂದ ಹೊರಗೆ ಬಂದಿರಬೇಕು. ಕನ್ನಡದಲ್ಲಿ ಯೋಚಿಸುತ್ತಾ ಇಂಗ್ಲಿಷ್ ಮಾತನಾಡುವ ವಿದ್ಯಾರ್ಥಿ ‘ಯೂ’ ಎಂದು ಆರಂಭಿಸಿ, ಪ್ರಶ್ನೆಯನ್ನು ಕೊನೆಯಲ್ಲಿ ನೋಡಿಕೊಂಡರಾಯಿತು ಎಂದುಕೊಳ್ಳುತ್ತಾನೆ, ಆದರೆ ಕೊನೆಯಲ್ಲಿ ಅವನಿಗೆ ದನಿ ಏರಿಸುವುದೊಂದನ್ನು ಬಿಟ್ಟು ಬೇರೇನೂ ಉಳಿದಿರುವುದಿಲ್ಲ.

ಆದ್ದರಿಂದ ನನ್ನ ತರಗತಿಯಲ್ಲಿ ಪ್ರಶ್ನೆಯನ್ನು ನೇರವಾಗಿ ಬರೆಯಿಸುವುದಿಲ್ಲ. ಮೊದಲು ಉತ್ತರವನ್ನು ಪೂರ್ಣ ವಾಕ್ಯದಲ್ಲಿ ಬರೆಯಿಸಿ, ಅದರಲ್ಲಿರುವ ಹೆಲ್ಪಿಂಗ್ ವರ್ಬ್ ಯಾವುದೆಂದು ಗುರುತು ಮಾಡಿಸುತ್ತೇನೆ. ಈಸ್, ಆರ್, ವಾಸ್, ಹ್ಯಾಸ್, ಕ್ಯಾನ್, ವಿಲ್ ಇವುಗಳಲ್ಲಿ ಒಂದು ಸಿಕ್ಕಿದರೆ ಅದನ್ನು ಎತ್ತಿ ಕರ್ತೃವಿನ ಮುಂದೆ ಇಡಬೇಕು, ವೇರ್, ವೈ, ಹೌ ಮೊದಲಾದ ಪದಗಳಿದ್ದರೆ ಅವು ಇನ್ನೂ ಮುಂದೆ ಬರಬೇಕು. ಜಗತ್ತಿನಲ್ಲಿಯೇ ಅತಿ ಉದ್ದವಾದ ನಮ್ಮ ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. ‘ದಿ ಪ್ಲಾಟ್‌ಫಾರ್ಮ್ ಈಸ್ 1,507 ಮೀಟರ್ಸ್ ಲಾಂಗ್’ ಎಂಬ ಉತ್ತರದಿಂದ ಹೊರಟರೆ, ಸಂಖ್ಯೆಯ ಜಾಗಕ್ಕೆ ‘ಹೌ’ ಬಂದು, ಪಕ್ಕದ ‘ಲಾಂಗ್’ ಅನ್ನು ಕೈಹಿಡಿದು ಮುಂದಕ್ಕೆ ಕರೆದೊಯ್ದು, ‘ಹೌ ಲಾಂಗ್ ಈಸ್ ದಿ ಪ್ಲಾಟ್‌ಫಾರ್ಮ್?’ ಆಗುತ್ತದೆ. ‘ಹೌ’ ಒಂದೇ ಮುಂದೆ ಹೋಗಿ ‘ಲಾಂಗ್’ ಹಿಂದೆ ಉಳಿಯುವುದು ಪ್ರತಿ ವರ್ಷವೂ ನಾನು ಕಾಣುವ ತಪ್ಪು.

ಉತ್ತರದಲ್ಲಿ ಸಹಾಯಕ ಕ್ರಿಯಾಪದವೇ ಸಿಗದಿದ್ದಾಗ ಡೂ, ಡಸ್, ಡಿಡ್ ಬೇಕಾಗುತ್ತವೆ. ಸುಮಾರು 400 ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಮುಖ್ಯ ಕ್ರಿಯಾಪದವನ್ನೇ ಮುಂದಕ್ಕೆ ತಂದು ಕೇಳುವ ರೀತಿಯೂ ಬಳಕೆಯಲ್ಲಿತ್ತು. ‘ಡೂ’ ಕಡ್ಡಾಯವಾದದ್ದು ನಂತರದ ಕಾಲದಲ್ಲಿ. ಈಗ ನಮಗೆ ಆಯ್ಕೆ ಇಲ್ಲ. ಎರಡನೆಯ ತಪ್ಪು ಹುಟ್ಟುವುದು ಇಲ್ಲಿಯೇ. ‘ದಿ ಬಸ್ ಸ್ಟಾಪ್ಸ್ ಅಟ್ ನವನಗರ’ ಎಂಬುದು ಪ್ರಶ್ನೆಯಾಗುವಾಗ ‘ಸ್ಟಾಪ್ಸ್’ನ ಕೊನೆಯ ಸಕಾರವನ್ನು ‘ಡಸ್’ ತನ್ನ ಮೇಲೆ ಹೊತ್ತುಕೊಳ್ಳುತ್ತದೆ, ಹೀಗಾಗಿ ‘ಡಸ್ ದಿ ಬಸ್ ಸ್ಟಾಪ್ ಅಟ್ ನವನಗರ?’ ಎನ್ನಬೇಕು. ‘ವೆಂಟ್’ನಲ್ಲಿದ್ದ ಭೂತಕಾಲವನ್ನು ‘ಡಿಡ್’ ಹೊತ್ತ ಮೇಲೆ ಉಳಿಯುವುದು ಬರಿಯ ‘ಗೋ’. ಇದನ್ನು ಸೂತ್ರವಾಗಿ ಹೇಳಿದಾಗ ಮಕ್ಕಳು ತಲೆಯಾಡಿಸಿ ಮರುದಿನ ಮರೆಯುತ್ತಿದ್ದರು. ಕನ್ನಡದ ‘ಹೋದೆ’ ಎಂಬುದಕ್ಕೆ ನಿಷೇಧ ರೂಪ ಕೇಳಿದೆ. ‘ಹೋಗಲಿಲ್ಲ’ ಎಂದರು. ‘ಹೋದಲಿಲ್ಲ’ ಎಂದು ಯಾಕೆ ಅನ್ನಲಿಲ್ಲ ಎಂದು ಕೇಳಿದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. ‘ಇಲ್ಲ’ ಬಂದೊಡನೆ ‘ಹೋದೆ’ ತನ್ನ ಭೂತಕಾಲದ ರೂಪವನ್ನು ಬಿಟ್ಟು ‘ಹೋಗಲ್’ ಆಗಿ ನಿಲ್ಲುವುದನ್ನು ಅವರು ಹುಟ್ಟಿನಿಂದ ಬಲ್ಲರು. ಅಂದಿನಿಂದ ‘ಡಿಡ್ ಯೂ ವೆಂಟ್’ ಎಂದು ಯಾರಾದರೂ ಅಂದರೆ ಹಿಂದಿನ ಬೆಂಚಿನಿಂದ ‘ಹೋದಲಿಲ್ಲ’ ಎಂಬ ತಿದ್ದುಪಡಿ ಕೇಳಿಬರುತ್ತದೆ.

ನಮ್ಮ ವಿಭಕ್ತಿಗಳೂ ಇದರಲ್ಲಿ ನೆರವಿಗೆ ಬರುತ್ತವೆ. ‘ಹೂ’ ಎಂಬ ಪದದ ಪ್ರಶ್ನೆಗೆ ‘ಡಿಡ್’ ಯಾವಾಗ ಬೇಕು, ಯಾವಾಗ ಬೇಡ ಎಂಬ ಗೊಂದಲವನ್ನು ‘ಯಾರು’, ‘ಯಾರನ್ನು’ ಎಂಬ ಎರಡು ರೂಪಗಳು ಬಿಡಿಸುತ್ತವೆ. ‘ಯಾರು ಕರೆದರು?’ ಎನ್ನುವಾಗ ಪ್ರಶ್ನೆಯ ಪದವೇ ಕರ್ತೃ. ಅದು ಮೊದಲೇ ಮುಂದೆ ಇರುವುದರಿಂದ ‘ಹೂ ಕಾಲ್ಡ್ ಯೂ?’ ಎಂದರೆ ಸಾಕು. ‘ಯಾರನ್ನು ಕರೆದಿರಿ?’ ಎನ್ನುವಾಗ ಕರ್ತೃ ‘ನೀವು’, ಆದ್ದರಿಂದ ‘ಹೂ ಡಿಡ್ ಯೂ ಕಾಲ್?’ ಆಗುತ್ತದೆ.

ಪರೀಕ್ಷೆಗಳಲ್ಲಿ ಮೇಲಿಂದ ಮೇಲೆ ಬರುವ ಕ್ವೆಶ್ಚನ್ ಟ್ಯಾಗ್ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ನಮ್ಮ ‘ಹೌದಿಲ್ಲೋ’ ಎಲ್ಲ ಮಾತಿನ ಹಿಂದೆಯೂ ಬದಲಾಗದೆ ನಿಲ್ಲುವುದರಿಂದ ನಾವು ಎಲ್ಲದಕ್ಕೂ ‘ಈಸಂಟ್ ಇಟ್’ ಹಚ್ಚುತ್ತೇವೆ. ಅಲ್ಲಿಯೂ ವಾಕ್ಯದ ಸಹಾಯಕ ಕ್ರಿಯಾಪದವನ್ನೇ ಹುಡುಕಬೇಕು: ‘ಯೂ ಆರ್ ಕಮಿಂಗ್, ಆರಂಟ್ ಯೂ?’

ನಿಷೇಧಾರ್ಥದ ಪ್ರಶ್ನೆಗೆ ಉತ್ತರಿಸುವ ಬಗೆಯನ್ನು ಮಾತ್ರ ನಾನು ಪ್ರತಿ ತಂಡಕ್ಕೂ ತಪ್ಪದೆ, ನಿಧಾನವಾಗಿ ಹೇಳುತ್ತೇನೆ. ಬಿ.ಎ. ಮುಗಿಸಿದ ವರ್ಷ ನಾನು ಪುಣೆಯಲ್ಲಿ ಒಂದು ಸಂದರ್ಶನಕ್ಕೆ ಹೋಗಿದ್ದೆ. ಅಂಕಪಟ್ಟಿಯ ಮೂಲ ಪ್ರತಿ ಮನೆಯಲ್ಲಿಯೇ ಉಳಿದಿತ್ತು. ಮೇಜಿನ ಆಚೆ ಕುಳಿತವರು ‘ಹ್ಯಾವಂಟ್ ಯೂ ಬ್ರಾಟ್ ದಿ ಒರಿಜಿನಲ್?’ ಎಂದು ಕೇಳಿದರು. ‘ಹೌದು, ತಂದಿಲ್ಲ’ ಎನ್ನುವ ಅರ್ಥದಲ್ಲಿ ನಾನು ‘ಯಸ್ ಸರ್’ ಎಂದೆ. ಅವರು ಅದನ್ನು ಪಡೆಯಲು ಕೈ ಚಾಚಿದರು. ಆ ಚಾಚಿದ ಕೈ ಮೇಜಿನ ಮೇಲೆ ಕಾಯುತ್ತಿದ್ದುದನ್ನು, ನಾನು ಮತ್ತೊಮ್ಮೆ ‘ಯಸ್ ಸರ್’ ಎಂದದ್ದನ್ನು, ಅವರು ಮುಖ ಬಿಗಿದು ಮುಂದಿನವರ ಹೆಸರು ಕರೆದದ್ದನ್ನು ನಾನು ಇಂದಿಗೂ ಮರೆತಿಲ್ಲ. ಕನ್ನಡದಲ್ಲಿ ನಾವು ಕೇಳಿದವರ ಮಾತಿಗೆ ಹೌದು ಎನ್ನುತ್ತೇವೆ. ಇಂಗ್ಲಿಷಿನಲ್ಲಿ ನಡೆದ ಸಂಗತಿಗೆ ಎಸ್ ಅಥವಾ ನೋ ಎನ್ನಬೇಕು. ತಂದಿಲ್ಲವಾದರೆ, ಪ್ರಶ್ನೆ ಹೇಗೆಯೇ ಇರಲಿ, ‘ನೋ, ಐ ಹ್ಯಾವಂಟ್’ ಎಂಬುದೊಂದೇ ಉತ್ತರ. ಇದನ್ನು ನನಗೆ ಕಾಲೇಜಿನಲ್ಲಿ ಯಾರಾದರೂ ಐದು ನಿಮಿಷ ಹೇಳಿದ್ದರೆ ಸಾಕಾಗಿತ್ತು.

ಎರಡು ವಾರಗಳ ನಂತರ ಆ ಹುಡುಗಿ ಮತ್ತೆ 20 ಪ್ರಶ್ನೆಗಳನ್ನು ಬರೆದು ತಂದಳು. ಎರಡರಲ್ಲಿ ಮಾತ್ರ ತಪ್ಪಿತ್ತು, ಅವೂ ಕಲಿತದ್ದನ್ನು ಅತಿಯಾಗಿ ಪಾಲಿಸಿದ್ದರಿಂದ ಆದ ತಪ್ಪುಗಳು. ‘ಕ್ಯಾನ್ ಯೂ ಟೆಲ್ ಮಿ ವೇರ್ ಈಸ್ ಜುಬಿಲಿ ಸರ್ಕಲ್?’ ಎಂದು ಬರೆದಿದ್ದಳು. ಇಲ್ಲಿ ‘ಕ್ಯಾನ್’ ಆಗಲೇ ಕರ್ತೃವನ್ನು ದಾಟಿ ಪ್ರಶ್ನೆಯ ಕೆಲಸ ಮುಗಿಸಿರುವುದರಿಂದ, ಒಳಗಿನ ಭಾಗವು ಸಾಮಾನ್ಯ ವಾಕ್ಯದ ಕ್ರಮಕ್ಕೆ ಮರಳಿ ‘ವೇರ್ ಜುಬಿಲಿ ಸರ್ಕಲ್ ಈಸ್’ ಆಗಬೇಕು ಎಂದು ತಿದ್ದಿಕೊಟ್ಟೆ. ಹಾಳೆಯ ಹಿಂಬದಿಯಲ್ಲಿ ಅವಳು ಒಂದು ಪ್ರಶ್ನೆಯನ್ನು ಕನ್ನಡದಲ್ಲಿಯೇ ಬಿಟ್ಟಿದ್ದಳು: ‘ನೀವು ನಿಮ್ಮ ಅಪ್ಪ-ಅವ್ವನಿಗೆ ಎಷ್ಟನೆಯ ಮಗಳು?’ ‘ಸರ್, ಇದು ಬರಲಿಲ್ರಿ’ ಎಂದಳು. ‘ಎಷ್ಟನೆಯ’ ಎಂಬುದಕ್ಕೆ ಸಮನಾದ, ಎಲ್ಲರೂ ಬಳಸುವ ಒಂದೇ ಪದ ಇಂಗ್ಲಿಷಿನಲ್ಲಿಲ್ಲ, ‘ಆರ್ ಯೂ ದಿ ಎಲ್ಡೆಸ್ಟ್?’ ಎಂದು ಕೇಳಿ, ಅಲ್ಲ ಎಂದರೆ ಮುಂದಿನ ಪ್ರಶ್ನೆಗೆ ಹೋಗಬೇಕಾಗುತ್ತದೆ ಎಂದೆ. ಅವಳು ಮೂರನೆಯವಳಂತೆ.