16ನೇ ಬೀದಿ ಸ್ಟೇಷನ್: ಪೋರ್ಟರುಗಳ ಮುಖ ಕೊನೆಗೂ ಕೂತಿತು

ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ಲೆಂಡಿನ 16ನೇ ಬೀದಿ ರೈಲು ಸ್ಟೇಷನ್ನಿನ ಎಚ್‌ಒ (ಅಸಲಿಯ 87ನೇ ಒಂದು ಭಾಗದಷ್ಟು ಅಳತೆಯ) ಮಾಡೆಲ್‌ನಲ್ಲಿ ಗೋಡೆ, ಚಾವಣಿ, ಮುಂಭಾಗದ ಮೂರು ದೊಡ್ಡ ಕಮಾನು ಕಿಟಕಿ ಎಲ್ಲಾ ಮುಗಿದಿವೆ, ಆ ಪುರಾಣ ಬೇಡ. ಜೀವ ತಿಂದದ್ದು ಎರಡು ಸೆಂಟಿಮೀಟರ್ ಎತ್ತರದ ಪುಲ್ಮನ್ ಪೋರ್ಟರುಗಳು, ಅಂದರೆ ಪುಲ್ಮನ್ ಕಂಪನಿಯ ಸ್ಲೀಪರ್ ಬೋಗಿಗಳಲ್ಲಿ ಪ್ರಯಾಣಿಕರ ಸೇವೆಗಿದ್ದ ಕಪ್ಪು ಸಿಬ್ಬಂದಿ.

‘ರೈಲ್ವೆ ಸಿಬ್ಬಂದಿ’ ಅಂತ ಅಂಗಡಿಯವನು ಕಳಿಸಿದ ಪೊಟ್ಟಣದಲ್ಲಿ ಒಬ್ಬನನ್ನು ಬಿಟ್ಟು ಎಲ್ಲರೂ ಬಿಳಿಯರು. ಇದ್ದೊಬ್ಬ ಕಪ್ಪು ಪೋರ್ಟರ್ ಪೆಟ್ಟಿಗೆ ಹಿಡಿದು ನಡು ಬಗ್ಗಿಸಿ ನಿಂತಿದ್ದ. ನನ್ನ ಸ್ಟೇಷನ್ 1937ರದು ಸ್ವಾಮಿ! ಸ್ಲೀಪರ್ ಬೋಗಿಗಳಲ್ಲಿ ಹಾಸಿಗೆ ಹಾಸಿ, ಬೂಟು ಪಾಲಿಶ್ ಮಾಡಿ, ತಿಂಗಳಿಗೆ ಸುಮಾರು 400 ಗಂಟೆ ದುಡಿಯುತ್ತಿದ್ದವರು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಮುಂದಾಳತ್ವದಲ್ಲಿ ಯೂನಿಯನ್ ಕಟ್ಟಿ, ಹನ್ನೆರಡು ವರ್ಷ ಜಗ್ಗಾಡಿ, ಪುಲ್ಮನ್ ಕಂಪನಿಯ ಕೈಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿದ ವರ್ಷ ಅದು. ಪಶ್ಚಿಮ ಕರಾವಳಿಯ ಸಂಘಟಕ ಸಿ. ಎಲ್. ಡೆಲಮ್ಸ್ ಇದ್ದದ್ದು ಇದೇ ವೆಸ್ಟ್ ಓಕ್ಲೆಂಡಿನಲ್ಲಿ. ಯೂನಿಯನ್ ಕೆಲಸಕ್ಕಾಗಿ ಅವರ ನೌಕರಿಯೇ ಹೋಗಿತ್ತು. ಹಾಗಾಗಿ ರೇಜರ್ ಗರಗಸದಿಂದ ಸೊಂಟ ಕೊಯ್ದು, ಬೆಣೆಯಷ್ಟು ಪುಟ್ಟಿ ತುಂಬಿ, ಬೆನ್ನು ನೆಟ್ಟಗೆ ಮಾಡಿದೆ. ಅಚ್ಚು ತೆಗೆದು ಉಳಿದವರನ್ನೂ ಎರಕ ಹೊಯ್ದೆ.

ಅಸಲಿ ಕಾಟ ಬಣ್ಣದ್ದು. ‘ಸ್ಕಿನ್ ಟೋನ್’ ಅಂತ ಚೀಟಿ ಅಂಟಿಸಿದ ಬಾಟಲಿಯೊಳಗೆ ಶುದ್ಧ ಗುಲಾಬಿ! ಬರೀ ಕಂದು ಬಳಿದರೆ ಸ್ಟೇಷನ್ನಿನ ಹಳದಿ ಎಲ್‌ಇಡಿ ಕೆಳಗೆ ಟೋಪಿ, ಮುಖ, ಕುತ್ತಿಗೆ ಒಂದೇ ಮುದ್ದೆ. ಹೈಲೈಟ್ ಏರಿಸಿದರೆ ಬೂದಿ ಬಳಿದ ಹಾಗೆ. ತೊಂದರೆ ಮುಖದಲ್ಲಿ ಅಲ್ಲ, ಪಕ್ಕದ ಜಾಕೆಟ್‌ನಲ್ಲಿತ್ತು: ಅಪ್ಪಟ ಬಿಳಿ ಕಣ್ಣಿಗೆ ಹೊಡೆದು ಮುಖವನ್ನು ಕತ್ತಲೆಗೆ ತಳ್ಳುತ್ತಿತ್ತು. ಜಾಕೆಟ್ಟಿಗೆ ತಿಳಿಬೂದು ಹಾಕಿ, ಮಡಿಕೆಯ ಅಂಚಿಗೆ ಮಾತ್ರ ಬಿಳಿ ಸವರಿದೆ. ಮುಖಕ್ಕೆ ಬರ್ನ್ಟ್ ಅಂಬರ್ (ಕಡುಗಂದು) ಬೇಸ್, ಕಣ್ಣಿನ ಗುಳಿಗೆ ನೀಲಿ ಬೆರೆಸಿದ ನೀರುನೀರು ಬಣ್ಣದ ತೆಳು ವಾಷ್, ಕೆನ್ನೆ, ಮೂಗಿನ ತುದಿಗೆ ಬರ್ನ್ಟ್ ಸಿಯೆನಾ (ಕೆಂಗಂದು) ಜತೆ ಚಿಟಿಕೆ ಓಕರ್ (ಮಣ್ಣುಹಳದಿ). ಅಬ್ಬಾ, ಮನುಷ್ಯರಾದರು!

ಪ್ರತಿಯೊಬ್ಬನಿಗೂ ಮಿಶ್ರಣ ಬೇರೆ. ಪ್ರಯಾಣಿಕರು ಕಂಪನಿ ಸ್ಥಾಪಕ ಜಾರ್ಜ್ ಪುಲ್ಮನ್ ಹೆಸರು ಹಿಡಿದು ಎಲ್ಲ ಪೋರ್ಟರುಗಳನ್ನೂ ‘ಜಾರ್ಜ್’ ಅಂತಲೇ ಕರೆಯುತ್ತಿದ್ದರು. ನಾನೂ ಒಂದೇ ಬಾಟಲಿ ಸುರಿದರೆ ಏನು ಚೆಂದ? ಒಬ್ಬನಿಗೆ ನರೆತ ಮೀಸೆಯೂ ಬಂತು, ಕುಂಚದ ಒಂದೇ ಕೂದಲಿನಲ್ಲಿ.

ಈಗ ತಲೆ ಕೊರೆಯುತ್ತಿರುವುದು ಮೇಲಂತಸ್ತಿನ ಪ್ಲಾಟ್‌ಫಾರ್ಮ್. ಅಲ್ಲಿ 1941ರವರೆಗೆ ಕೆಂಪು ಎಲೆಕ್ಟ್ರಿಕ್ ರೈಲುಗಳು ಓಡುತ್ತಿದ್ದವು. ಓವರ್‌ಹೆಡ್ ತಂತಿಗೆ ತೆಳ್ಳನೆಯ ಫಾಸ್ಫರ್ ಬ್ರಾಂಜ್ ಎಲ್ಲಿ ಸಿಗುತ್ತದೆ, ಯಾರಾದರೂ ಹೇಳ್ರಪ್ಪ. ಸುರುಳಿ ಬಿಚ್ಚಿದ ಮೇಲೂ ಸೊಟ್ಟಗೇ ಇರುವಂಥದ್ದು ಮಾತ್ರ ಬೇಡ.