ಭಾನುವಾರದ ಅಪ್ಪ

ಇಂದು ಸಂಜೆ ಮಂಗಳೂರಿನ ಹಂಪನಕಟ್ಟೆಯ ಚಪ್ಪಲಿ ಅಂಗಡಿಯಲ್ಲಿ, ಮಗಳಿಗೆ ಯಾವ ಸೈಜಿನ ಶೂ ಬೇಕೆಂದು ಕೇಳಿದಾಗ ಗೆಳೆಯ ಉತ್ತರ ತಿಳಿಯದೆ ಅವಳ ಪಾದವನ್ನೇ ನೋಡುತ್ತ ನಿಂತ.

ವಿಚ್ಛೇದನದ ನಂತರ ಅವನ ಪಾಲಿಗೆ ಬಂದಿರುವುದು ಭಾನುವಾರದ ಕೆಲವು ಗಂಟೆಗಳು. ಅವು ಕದ್ರಿ ಪಾರ್ಕು, ಐಸ್‌ಕ್ರೀಮು, ಹೆಚ್ಚೆಂದರೆ ಪಣಂಬೂರಿನ ಕಡಲತೀರದಲ್ಲಿ ಮುಗಿದುಹೋಗುತ್ತವೆ. ಜ್ವರದ ರಾತ್ರಿ, ತಪ್ಪಿದ ಮಗ್ಗಿ, ಬಿಗಿಯಾದ ಶೂ, ಇವೆಲ್ಲ ಉಳಿದ ಆರು ದಿನಗಳವು. ತಂದೆಯನ್ನು ನೆಂಟನನ್ನಾಗಿಸಿ, ದುಡಿಯುವ ತಾಯಿಯ ಮೇಲೆ ಇಡೀ ಹೊಣೆಯನ್ನು ಹೊರಿಸುವ ಈ ಏರ್ಪಾಡಿನಿಂದ ಅವಳಿಗಾದರೂ ಯಾವ ಸುಖವಿದೆ?

ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಹಿಂದೂ ಮಕ್ಕಳ ಪಾಲಕತ್ವದ ಬಗೆಗಿನ 1956ರ ಕಾಯ್ದೆ ಹೇಳುತ್ತದೆ; ಅದಕ್ಕೆ ನನ್ನ ತಕರಾರಿಲ್ಲ, ಆದರೆ ಈ ಹುಡುಗಿಗೆ ಈಗ ಒಂಬತ್ತು. ಜಂಟಿ ಪಾಲನೆಗೆ ಕಾನೂನಿನಲ್ಲೇ ಅವಕಾಶವಿರಲಿ ಎಂದು ಭಾರತದ ಕಾನೂನು ಆಯೋಗವು 2015ರಲ್ಲಿ ತನ್ನ 257ನೆಯ ವರದಿಯಲ್ಲಿ ಶಿಫಾರಸು ಮಾಡಿತ್ತು. (ಹಿಂಸೆ ನಡೆದ ಮನೆಗಳ ಮಾತು ಬೇರೆ, ಅಲ್ಲಿ ಮಗುವಿನ ಸುರಕ್ಷತೆಯೇ ಮೊದಲು.) ಒಬ್ಬರು ಬಿಜೈಯಲ್ಲಿ, ಇನ್ನೊಬ್ಬರು ಕಂಕನಾಡಿಯಲ್ಲಿ ಇರುವಾಗ ಬೇಸಿಗೆ ರಜೆಯ ಅರ್ಧವನ್ನಲ್ಲದೆ ಶಾಲೆಯಿರುವ ಎರಡು ಮೂರು ದಿನಗಳನ್ನೂ ತಂದೆಗೆ ಒಪ್ಪಿಸಲು ದೂರವಂತೂ ಅಡ್ಡಿಯಾಗಲಾರದು.