ಒಂದು ದಿನ ಕಾರ್ ಫ್ಯಾಕ್ಟರಿ ನೋಡಿ ಏನು ಕಲಿತೆ?

ಜಪಾನಿನ ಅಧ್ಯಯನ ಪ್ರವಾಸ ಮುಗಿಸಿ ಬಂದಾಗಿನಿಂದ ಜೂನಿಯರ್‌ಗಳೂ ನೆಂಟರೂ ಒಂದೇ ಪ್ರಶ್ನೆ ಹಾಕುತ್ತಿದ್ದಾರೆ: “ಅಷ್ಟು ದೂರ ಹೋಗಿ ಒಂದು ದಿನ ಟೊಯೋಟಾ ಕಾರ್ ಫ್ಯಾಕ್ಟರಿ ನೋಡಿದ್ಯಲ್ಲ, ಅದರಿಂದ ಸಿಕ್ಕಿದ್ದೇನು? ಯೂಟ್ಯೂಬ್‌ನಲ್ಲೇ ಎಲ್ಲಾ ಇದೆಯಲ್ಲ?” ಸಿಕ್ಕವರಿಗೆಲ್ಲ ತುಂಡು ತುಂಡಾಗಿ ಹೇಳಿ ಸಾಕಾಗಿದೆ. ಪೂರ್ತಿ ಉತ್ತರ ಇಲ್ಲೇ ಬರೆದುಬಿಡುತ್ತೇನೆ.

ಯೂಟ್ಯೂಬ್ ಮಾತು ಅರ್ಧ ನಿಜ. ರೋಬೋಟ್‌ಗಳು ಕಿಡಿ ಹಾರಿಸುತ್ತ ವೆಲ್ಡಿಂಗ್ ಮಾಡುವುದನ್ನು ನೋಡುವುದೇ ಆಸೆಯಾದರೆ ವಿಡಿಯೋನೇ ವಾಸಿ. ಭೇಟಿಗೆ ಹೋದವರು ನಡೆಯುವುದು ನೆಲದಿಂದ ಮೇಲೆ ಕಟ್ಟಿದ ದಾರಿಯಲ್ಲಿ. ಕ್ಯಾಮೆರಾ ಹೋದಷ್ಟು ಹತ್ತಿರಕ್ಕೆ ನಮ್ಮನ್ನು ಬಿಡುವುದಿಲ್ಲ, ಫೋಟೋ ತೆಗೆಯುವ ಮಾತಂತೂ ಇಲ್ಲವೇ ಇಲ್ಲ. ಆದರೆ ಕಂಪನಿಗಳ ವಿಡಿಯೋಗಳಲ್ಲಿ ಕಾರ್ಖಾನೆ ಯಾವಾಗಲೂ ಓಡುತ್ತಲೇ ಇರುತ್ತದೆ. ಅದು ಹೇಗೆ ನಿಲ್ಲುತ್ತದೆ, ನಿಲ್ಲಿಸುವ ಅಧಿಕಾರ ಯಾರಿಗಿದೆ, ನಿಂತಾಗ ಸುತ್ತಲಿನವರು ಏನು ಮಾಡುತ್ತಾರೆ? ಇದನ್ನು ಅಲ್ಲಿ ನಿಂತೇ ನೋಡಬೇಕು. ನನಗೆ ದಕ್ಕಿದ್ದು ಅಷ್ಟೇ, ಮತ್ತು ಅದು ಕಡಿಮೆಯೇನಲ್ಲ.

ಆ ದಿನದ ಕಾರ್ಯಕ್ರಮ ಶುರುವಾಗಿದ್ದು ಕಾರಿನಿಂದಲ್ಲ, ಮಗ್ಗದಿಂದ. ನಗೋಯಾದಲ್ಲಿ, ಟೊಯೋಟಾ ಕಂಪನಿ ಕಟ್ಟಿದ ಟೊಯೋಡಾ ಕುಟುಂಬದ ಹಳೆಯ ಬಟ್ಟೆ ಗಿರಣಿಯಿದ್ದ ಜಾಗದಲ್ಲಿ, ಅದರ ಕೆಂಪು ಇಟ್ಟಿಗೆಯ ಕಟ್ಟಡವನ್ನು ಉಳಿಸಿಕೊಂಡೇ ಟೊಯೋಟಾ ಸಮೂಹ 1994ರಲ್ಲಿ ಒಂದು ಮ್ಯೂಸಿಯಂ ತೆರೆದಿದೆ. ಸಕಿಚಿ ಟೊಯೋಡಾ 1924ರಲ್ಲಿ ಪೂರ್ತಿಗೊಳಿಸಿದ ಜಿ ಮಾದರಿಯ ಸ್ವಯಂಚಾಲಿತ ಮಗ್ಗವನ್ನು ಅಲ್ಲಿ ಓಡಿಸಿ ತೋರಿಸುತ್ತಾರೆ. ಲಾಳಿಯಲ್ಲಿ ನೂಲು ಮುಗಿಯುತ್ತ ಬಂದರೆ ನೇಯ್ಗೆ ನಿಲ್ಲದೆಯೇ ಹೊಸ ಲಾಳಿ ತಾನಾಗಿ ಬಂದು ಕೂರುತ್ತದೆ. ಎಲ್ಲರೂ ಬಾಯಿಬಿಟ್ಟು ನೋಡುವುದು ಇದನ್ನೇ. ನನಗೆ ಹಿಡಿಸಿದ್ದು ಇನ್ನೊಂದು. ಹಾಸಿನ, ಅಂದರೆ ಬಟ್ಟೆಯ ಉದ್ದಕ್ಕೆ ಹೋಗುವ ನೂಲಿನ, ಒಂದೊಂದು ಎಳೆಯೂ ಒಂದು ತೆಳುವಾದ ಲೋಹದ ಪಟ್ಟಿಯನ್ನು ಎತ್ತಿ ಹಿಡಿದಿರುತ್ತದೆ. ಎಳೆ ತುಂಡಾದರೆ ಪಟ್ಟಿ ಕೆಳಗೆ ಬೀಳುತ್ತದೆ, ಅತ್ತಿತ್ತ ಆಡುತ್ತಿರುವ ಭಾಗಕ್ಕೆ ಅಡ್ಡವಾಗುತ್ತದೆ, ಮಗ್ಗ ಗಕ್ಕನೆ ನಿಲ್ಲುತ್ತದೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಪಟ್ಟಿಯ ಭಾರವೇ ಎಲ್ಲ ಕೆಲಸ ಮಾಡುತ್ತದೆ.

ಸಣ್ಣ ಉಪಾಯದಂತೆ ಕಾಣುತ್ತದೆ. ಆದರೆ ಅದಿಲ್ಲದ ಮಗ್ಗ ಎಳೆ ತುಂಡಾದ ಮೇಲೂ ನೇಯುತ್ತಲೇ ಹೋಗಿ ಗಜಗಟ್ಟಲೆ ಬಟ್ಟೆ ಕೆಡಿಸುತ್ತದೆ. ಅದಕ್ಕೇ ಪಕ್ಕದಲ್ಲಿ ಒಬ್ಬರು ಕಾವಲಿಗೆ ನಿಲ್ಲಬೇಕಿತ್ತು. ಮಗ್ಗ ತಾನೇ ನಿಲ್ಲತೊಡಗಿದ ಮೇಲೆ ಒಬ್ಬರೇ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳುವಂತಾಯಿತು. ಜವಳಿ ಯಂತ್ರಗಳಿಗೆ ಜಗತ್ತಿನಲ್ಲೇ ಹೆಸರಾಗಿದ್ದ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ 1929ರಲ್ಲಿ ಇದರ ಪೇಟೆಂಟ್ ಹಕ್ಕು ಕೊಂಡಿತು. ಸಕಿಚಿಯ ಮಗ ಕಿಚಿರೊ ಕಾರಿನತ್ತ ಹೊರಳಿದರು, 1937ರಲ್ಲಿ ಟೊಯೋಟಾ ಮೋಟಾರ್ ಕಂಪನಿ ಹುಟ್ಟಿತು.

ಮಧ್ಯಾಹ್ನ ಬಸ್ಸಿನಲ್ಲಿ ಟೊಯೋಟಾ ನಗರಕ್ಕೆ. ಕೊರೊಮೊ ಎಂದಿದ್ದ ಆ ಊರು 1959ರಲ್ಲಿ ಕಂಪನಿಯ ಹೆಸರನ್ನೇ ತಾನು ಇಟ್ಟುಕೊಂಡಿದೆ. ಜೋಡಣೆ ಘಟಕದೊಳಗೆ ಕಾಲಿಟ್ಟಾಗ ಮೊದಲು ಅಚ್ಚರಿ ತಂದಿದ್ದು ಸಂಗೀತ. ಬಿಡಿಭಾಗ ಹೊತ್ತು ತಾವೇ ಓಡಾಡುವ ಗಾಡಿಗಳು ಒಂದು ರಾಗ ಹಾಡಿಕೊಂಡು ಬರುತ್ತವೆ, ದಾರಿಯಲ್ಲಿರುವವರು ಸರಿಯಲಿ ಅಂತ. ಅದರ ನಡುವೆ ಆಗಾಗ ಇನ್ನೊಂದು ರಾಗ ಕೇಳುತ್ತದೆ. ಅದು ಕೇಳಿದ ಕೂಡಲೇ ಮೇಲೆ ತೂಗುಹಾಕಿರುವ ಫಲಕದಲ್ಲಿ ಒಂದು ಸಂಖ್ಯೆಯ ಹಿಂದೆ ಹಳದಿ ದೀಪ ಹತ್ತುತ್ತದೆ. ಆ ಫಲಕಕ್ಕೆ ಅವರು ಆಂಡಾನ್ ಅನ್ನುತ್ತಾರೆ. ಕಾರುಗಳು ಸಾಲಾಗಿ ಸರಿಯುತ್ತ ಜೋಡಣೆಯಾಗುವ ಲೈನಿನುದ್ದಕ್ಕೂ ತಲೆಯ ಮೇಲೆ ಒಂದು ಹಗ್ಗ ಹೋಗಿರುತ್ತದೆ. ಬೋಲ್ಟ್ ಸರಿಯಾಗಿ ಕೂರಲಿಲ್ಲವೋ, ಭಾಗದ ಮೇಲೆ ಗೀರು ಕಂಡಿತೋ, ಕೆಲಸದಲ್ಲಿರುವ ಯಾರು ಬೇಕಾದರೂ ಆ ಹಗ್ಗ ಎಳೆಯಬಹುದು. ಆ ರಾಗ, ಆ ದೀಪ ಎರಡೂ ಅದರಿಂದಲೇ. ಬೆಳಿಗ್ಗೆ ನೋಡಿದ ಲೋಹದ ಪಟ್ಟಿಯ ಕೆಲಸವೇ ಇದೂ. ವ್ಯತ್ಯಾಸವೆಂದರೆ ಇಲ್ಲಿ ತೀರ್ಮಾನ ಮನುಷ್ಯನದು.

ಹಗ್ಗ ಎಳೆದೊಡನೆ ಎಲ್ಲ ಸ್ತಬ್ಧವಾಗುತ್ತದೆ ಅಂತ ನಾವೆಲ್ಲ ಕಾದು ನಿಂತೆವು. ಹಾಗಾಗಲಿಲ್ಲ. ನಾಲ್ಕೈದು ಜನಕ್ಕೆ ಒಬ್ಬರಂತೆ ಇರುವ ಟೀಮ್ ಲೀಡರ್ ಬಿರುಸಾಗಿ ನಡೆದು ಬಂದರು. ಓಡಲಿಲ್ಲ, ಅಲ್ಲಿ ಯಾರೂ ಓಡುವುದಿಲ್ಲ. ಇಬ್ಬರೂ ಬಗ್ಗಿ ಏನೋ ನೋಡಿದರು, ಲೀಡರ್ ಮತ್ತೆ ಹಗ್ಗ ಎಳೆದರು, ದೀಪ ಆರಿತು. ಈ ಅಷ್ಟೂ ಹೊತ್ತು ಕಾರು ಮುಂದೆ ಸರಿಯುತ್ತಲೇ ಇತ್ತು. ನೆಲದ ಮೇಲೆ ಗುರುತು ಮಾಡಿದ ಗೆರೆಯನ್ನು ಕಾರು ಮುಟ್ಟುವುದರೊಳಗೆ ತೊಂದರೆ ಬಗೆಹರಿದರೆ ಲೈನ್ ನಿಲ್ಲುವುದಿಲ್ಲ. ಬಗೆಹರಿಯದಿದ್ದರೆ ಮಾತ್ರ ನಿಲ್ಲುತ್ತದೆ.

ಸ್ವಲ್ಪ ಹೊತ್ತಿಗೆ ನಿಜವಾಗಿಯೂ ನಿಂತಿತು. ದೀಪ ಕೆಂಪಾಯಿತು. ನಾನು ನೋಡುತ್ತಿದ್ದಿದ್ದು ತಪ್ಪಾದ ಜಾಗವನ್ನಲ್ಲ, ಅಕ್ಕಪಕ್ಕದವರ ಮುಖಗಳನ್ನು. ಯಾರೂ “ಯಾರಪ್ಪಾ ನಿಲ್ಲಿಸಿದ್ದು” ಅನ್ನುವ ಹಾಗೆ ತಿರುಗಲಿಲ್ಲ. ಒಬ್ಬರು ತಮ್ಮ ಟ್ರೇ ಸರಿಮಾಡಿಕೊಂಡರು, ಇನ್ನೊಬ್ಬರು ಕೈಗವಸು ಎಳೆದುಕೊಂಡರು. ಲೈನ್ ಮತ್ತೆ ಹೊರಟಿತು. ಹಗ್ಗದ ಬಗ್ಗೆ ನಮ್ಮ ಪಠ್ಯಪುಸ್ತಕದಲ್ಲೂ ಒಂದು ಪ್ಯಾರಾ ಇದೆ. ಆದರೆ ಹಗ್ಗವನ್ನು ಯಾವ ಕಾರ್ಖಾನೆಯಾದರೂ ಕಟ್ಟಬಹುದು. ಎಳೆದವನನ್ನು ಯಾರೂ ದುರುಗುಟ್ಟಿ ನೋಡದಿರುವುದನ್ನು ಯಾವ ಅಂಗಡಿಯಲ್ಲಿ ಕೊಳ್ಳುತ್ತೀರಿ?

ಪ್ರಶ್ನೆ ಕೇಳುವ ಸಮಯ ಬಂದಾಗ ಬಹುತೇಕರು ದಿನಕ್ಕೆ ಎಷ್ಟು ಕಾರು, ಎಷ್ಟು ರೋಬೋಟ್ ಅಂತ ಕೇಳಿದರು. ಅದೆಲ್ಲ ಕೈಗೆ ಕೊಟ್ಟ ಕರಪತ್ರದಲ್ಲೇ ಇತ್ತು! ನನ್ನ ಗೆಳತಿಯೊಬ್ಬಳು ಮಾತ್ರ, “ನಡುವೆ ಶೌಚಾಲಯಕ್ಕೆ ಹೋಗಬೇಕಾದರೆ ಏನು ಮಾಡುತ್ತಾರೆ?” ಅಂದಳು. ಎಲ್ಲರೂ ನಕ್ಕರು. ಗೈಡ್ ನಗಲಿಲ್ಲ. ಆಗಲೂ ಲೀಡರನ್ನು ಕರೆಯುತ್ತಾರೆ, ಅವರು ಆ ಜಾಗಕ್ಕೆ ನಿಲ್ಲುತ್ತಾರೆ, ಅದಕ್ಕಾಗಿಯೇ ತಂಡದ ಎಲ್ಲ ಕೆಲಸವೂ ಲೀಡರಿಗೆ ಬರಬೇಕು ಅಂದರು. ಹೆಚ್ಚುಕಮ್ಮಿ ಒಂದು ನಿಮಿಷಕ್ಕೆ ಒಂದು ಕಾರು ಮುಂದೆ ಬರುವ ಕಡೆ ಒಬ್ಬ ಮನುಷ್ಯ ಐದು ನಿಮಿಷ ಎದ್ದು ಹೋಗಬೇಕಾದರೆ ಏನೆಲ್ಲ ಸಜ್ಜಾಗಿರಬೇಕು ಅನ್ನುವುದು ಆ ಉತ್ತರದಲ್ಲಿತ್ತು. ಇಡೀ ದಿನದ ಅತ್ಯುತ್ತಮ ಪ್ರಶ್ನೆ ಅದೇ ಅಂತ ಈಗಲೂ ವಾದಿಸುತ್ತೇನೆ.

ಹಾಗಂತ ಎಲ್ಲ ಕಂಡುಬಿಟ್ಟಿತು ಅಂತಲ್ಲ. ಭೇಟಿಯವರಿಗೆ ತೋರಿಸುವ ದಾರಿ ತೋರಿಸಲೆಂದೇ ಇರುವ ದಾರಿ. ಇಂಥ ಕಾರ್ಖಾನೆಗಳಲ್ಲಿ ಕೆಲವು ತಿಂಗಳ ಒಪ್ಪಂದದ ಮೇಲೆ ದುಡಿಯುವವರೂ ಇರುತ್ತಾರೆ. ಅವರ ಬೆನ್ನುನೋವು, ರಾತ್ರಿ ಪಾಳಿಯ ದಣಿವು ಮೇಲಿನ ದಾರಿಯಿಂದ ಕಾಣುವುದಿಲ್ಲ.

ಬಿಡಿಭಾಗ ಪೂರೈಸುವವರೂ ಕಾಣುವುದಿಲ್ಲ. ಅಮೆರಿಕದ ಸೂಪರ್‌ಮಾರ್ಕೆಟ್ಟಿನ ಕಪಾಟಿನಲ್ಲಿ ಖಾಲಿಯಾದಷ್ಟೇ ತುಂಬುವ ಪದ್ಧತಿಯಿಂದ ಟೊಯೋಟಾದ ಎಂಜಿನಿಯರ್ ತೈಚಿ ಓನೊ ಪ್ರೇರಣೆ ಪಡೆದು, ಬೇಕಾದಾಗ ಬೇಕಾದಷ್ಟೇ ಭಾಗ ತರಿಸುವ ಕ್ರಮವನ್ನು ಅಲ್ಲಿ ಬೇರೂರಿಸಿದರು. ಗೋದಾಮು ಬೇಡ, ದುಡ್ಡು ಸುಮ್ಮನೆ ಕೊಳೆಯುವುದಿಲ್ಲ. ಆದರೆ 1997ರ ಫೆಬ್ರವರಿ 1ರಂದು ಕಾರಿಯಾ ಎಂಬ ಊರಿನಲ್ಲಿ, ಬಿಡಿಭಾಗ ಪೂರೈಸುವ ಐಸಿನ್ ಸೇಕಿ ಕಂಪನಿಯ ಘಟಕಕ್ಕೆ ಬೆಂಕಿ ಬಿತ್ತು. ಬ್ರೇಕಿಗೆ ಬೇಕಾದ ಒಂದು ಸಣ್ಣ ವಾಲ್ವ್ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು, ಟೊಯೋಟಾ ಬಳಿ ಇದ್ದ ದಾಸ್ತಾನು ಕೆಲವು ಗಂಟೆಗಳದ್ದು. ಜಪಾನಿನ ಅದರ ಲೈನುಗಳು ಹೆಚ್ಚುಕಮ್ಮಿ ಎಲ್ಲವೂ ನಿಂತವು. ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ: ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕೂಡ ಸೇರಿ ಹತ್ತಾರು ಕಂಪನಿಗಳು ವಾಲ್ವ್ ತಯಾರಿಕೆಗೆ ಕೈಹಾಕಿದವು, ವಾರದೊಳಗೆ ಕಾರುಗಳು ಮತ್ತೆ ಹೊರಬರತೊಡಗಿದವು. 2023ರ ಆಗಸ್ಟ್ 29ರಂದು ಲೈನುಗಳು ನಿಂತದ್ದಕ್ಕೆ ಕಾರಣ ಬೇರೆ. ಬಿಡಿಭಾಗಗಳ ಆರ್ಡರ್ ನೋಡಿಕೊಳ್ಳುವ ಸರ್ವರ್‌ಗಳ ಡಿಸ್ಕಿನಲ್ಲಿ ಜಾಗ ಸಾಲದೆ ಜಪಾನಿನ 14 ಘಟಕಗಳೂ ಒಂದು ದಿನದ ಮಟ್ಟಿಗೆ ಬಾಗಿಲು ಹಾಕಿದ ಹಾಗಾಯಿತು. ಅಂದು ಎಳೆಯಲು ಯಾವ ಹಗ್ಗವೂ ಇರಲಿಲ್ಲ.

ಹೋಗುವವರಿಗೆ ಇಷ್ಟು ಹೇಳಬಲ್ಲೆ: ಹೊರಡುವ ಮೊದಲೇ ಓಡುವ ಯಂತ್ರಗಳ ವಿಡಿಯೋ ನೋಡಿ ಮುಗಿಸಿಕೊಳ್ಳಿ, ಅಲ್ಲಿ ಹೋಗಿ ಅದಕ್ಕೆ ಹೊತ್ತು ಕಳೆಯಬೇಡಿ. ಗುಂಪು ಮುಂದೆ ಸಾಗಿದರೂ ಸಾಧ್ಯವಾದಷ್ಟು ಹೊತ್ತು ಒಂದೇ ಜಾಗದ ಮೇಲೆ ಕಣ್ಣಿಡಿ. ಒಬ್ಬರೇ ಕೆಲಸಗಾರರ ನಾಲ್ಕೈದು ಸುತ್ತು ಪೂರ್ತಿ ನೋಡಿದರೆ ಅವರ ಕೈ ಎಲ್ಲಿ ತಡವರಿಸುತ್ತದೆ ಅನ್ನುವುದು ನಿಮಗೇ ಕಾಣುತ್ತದೆ. ಪ್ರಶ್ನೆಗಳನ್ನು ಮುಂಚೆಯೇ ಬರೆದು ದುಭಾಷಿಯ ಕೈಗೆ ಕೊಟ್ಟಿರಿ, ಇಲ್ಲವಾದರೆ ಅರ್ಧ ಸಮಯ ಅನುವಾದಕ್ಕೇ ಹೋಗುತ್ತದೆ. ಕಳೆದ ವಾರ ಲೈನ್ ಯಾವುದಕ್ಕೆ ನಿಂತಿತ್ತು ಅಂತ ಕೇಳಿ. ಉತ್ತರ ಕೊಡದೆಯೂ ಇರಬಹುದು. ನಮ್ಮ ಗೈಡ್ ನಕ್ಕು, ಅದು ಇಲ್ಲಿ ಹೇಳುವಂಥದ್ದಲ್ಲ ಅಂದರು.